ಕೂಸಿನ ತೂಕದ ಲೆಕ್ಕ

ಹುಟ್ಟಿದ ಕೂಸು ಸುಮಾರು ಐದು ತಿಂಗಳಾಗುವ ವೇಳೆಗೆ ತನ್ನ ಹುಟ್ಟುತೂಕದ ಇಮ್ಮಡಿಯಾಗುತ್ತದೆ. ವರುಷ ತುಂಬುವ ಹೊತ್ತಿಗೆ ಮುಮ್ಮಡಿಯಾಗುತ್ತದೆ. ಇದೆಂತಹ ವೇಗವೆಂಬುದು ಒಂದು ಸಣ್ಣ ಲೆಕ್ಕದಿಂದ ತಿಳಿಯುತ್ತದೆ. ಮೂರು ಕಿಲೋಗ್ರಾಂ ತೂಕದ ಕೂಸು ವರುಷಕ್ಕೆ ಮೂರು ಪಟ್ಟಿನಂತೆಯೇ ಬೆಳೆಯುತ್ತ ಹೋದರೆ ಮೂರನೆಯ ವರುಷ ತುಂಬುವಾಗ 81 ಕಿಲೋಗ್ರಾಂ, ನಾಲ್ಕನೆಯ ವರುಷ ತುಂಬುವಾಗ 243 ಕಿಲೋಗ್ರಾಂ ತೂಗಬೇಕಾಗುತ್ತಿತ್ತು! ಮನುಷ್ಯನ ಆಯುಸ್ಸಿನಲ್ಲಿ, ಗರ್ಭದಿಂದ ಹೊರಬಂದ ಮೇಲೆ, ಮೊದಲ ವರುಷದಷ್ಟು ಭರದ ಬೆಳವಣಿಗೆ ಮತ್ತೆಂದೂ ಇಲ್ಲ.

ಆದರೆ ಎಲ್ಲ ಕೂಸುಗಳೂ ಹೀಗೆ ಬೆಳೆಯುವುದಿಲ್ಲ. ಕೆಲವು ಮೊಲೆಗೆ ಹಚ್ಚಿದೊಡನೆ ನಿದ್ರೆಹೋಗುತ್ತವೆ. ಕೆಲವು ನಾಲ್ಕು ಗುಟುಕು ಕುಡಿದು ಏದುಸಿರು ಬಿಡುತ್ತವೆ. ಕೆಲವು ಕುಡಿದುದನ್ನೆಲ್ಲ ಕಾರಿಬಿಡುತ್ತವೆ. ವಾರ ಕಳೆದರೂ ತಕ್ಕಡಿಯ ಮುಳ್ಳು ಮುಂದೆ ಹೋಗುವುದಿಲ್ಲ. ಆಗ ಮನೆಯಲ್ಲಿ ದಿಗಿಲು ಹುಟ್ಟುತ್ತದೆ. ‘ತಾಯಿಗೆ ಹಾಲು ಸಾಲದು’ ಎಂದು ಒಬ್ಬರು, ‘ದೃಷ್ಟಿ ತಾಗಿದೆ’ ಎಂದು ಮತ್ತೊಬ್ಬರು ಹೇಳುತ್ತಾರೆ. ಬಂದವರೆಲ್ಲ ಕೂಸಿನ ತೋಳು ಹಿಡಿದು ನೋಡಿ ಬಾಣಂತಿಯ ಮುಖವನ್ನು ನೋಡುತ್ತಾರೆ. ತೂಕವೇರದ ಕೂಸಿನ ತಾಯಿ ತಪ್ಪಿತಸ್ಥಳಂತೆ ಕುಳಿತಿರಬೇಕಾಗುತ್ತದೆ. ಈ ಸಂಗತಿಯ ಹಿಂದಿರುವ ಕಾರಣಗಳನ್ನು ವಿಜ್ಞಾನ ಹೇಗೆ ಬಿಡಿಸಿ ನೋಡುತ್ತದೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ತೂಗಿ ನೋಡುವ ಪದ್ಧತಿ

ಕೂಸನ್ನು ಕ್ರಮವಾಗಿ ತೂಗಿ ಬರೆದಿಡುವುದು ಬಹಳ ಹಳೆಯ ಪದ್ಧತಿಯಲ್ಲ. 1892ರಲ್ಲಿ ಪಿಯೆರ್ ಬ್ಯೂದ್ಯಾಂ ಎಂಬ ಪ್ರಸೂತಿ ವೈದ್ಯನು ಪ್ಯಾರಿಸಿನ ಶಾರಿತೆ ಆಸ್ಪತ್ರೆಯಲ್ಲಿ ಕೂಸುಗಳ ತಪಾಸಣೆಗೆಂದೇ ಒಂದು ಏರ್ಪಾಡನ್ನು ಮಾಡಿದನು. ಹೆರಿಗೆಯಾಗಿ ಮನೆಗೆ ಹೋದ ತಾಯಂದಿರು ಮತ್ತೆ ಮತ್ತೆ ಬಂದು ಕೂಸನ್ನು ತೂಗಿಸಿ, ಹಾಲೂಡಿಸುವ ವಿಷಯದಲ್ಲಿ ಸಲಹೆ ಪಡೆದು ಹೋಗುತ್ತಿದ್ದರು. ರೋಗ ಬಂದಮೇಲೆ ಔಷಧ ಕೊಡುವುದಕ್ಕಿಂತ, ರೋಗ ಕಾಣುವ ಮೊದಲೇ ತೂಕದಿಂದ ಸುಳಿವು ಹಿಡಿಯುವುದು ಮೇಲೆಂಬುದು ಅವನ ಮತವಾಗಿತ್ತು. 1950ರ ದಶಕದ ಕೊನೆಯಲ್ಲಿ ಡೇವಿಡ್ ಮಾರ್ಲಿ ಎಂಬ ಇಂಗ್ಲಿಷ್ ವೈದ್ಯನು ನೈಜೀರಿಯದ ಇಮೆಸಿ-ಇಲೆ ಎಂಬ ಹಳ್ಳಿಯಲ್ಲಿ ಇದೇ ವಿಚಾರವನ್ನು ಒಂದು ಕಾರ್ಡಿನ ರೂಪಕ್ಕೆ ತಂದನು. ಆ ಕಾರ್ಡು ಆಸ್ಪತ್ರೆಯ ಕಪಾಟಿನಲ್ಲಿರದೆ ತಾಯಿಯ ಕೈಯಲ್ಲಿಯೇ ಇರುತ್ತಿತ್ತು. ಓದು ಬಾರದವಳೂ ಗೆರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ಕಣ್ಣಿನಿಂದಲೇ ಕಾಣಬಹುದಾಗಿತ್ತು. ಕರ್ನಾಟಕದಲ್ಲಿ ಗರ್ಭಿಣಿಯರಿಗೆ ಕೊಡುವ ತಾಯಿ ಕಾರ್ಡಿನಲ್ಲಿರುವ ಬೆಳವಣಿಗೆಯ ನಕ್ಷೆಯೂ ಇದೇ ವಂಶಕ್ಕೆ ಸೇರಿದುದು.

ಹಾಗಾದರೆ ಯಾವ ಕೂಸಿನ ತೂಕವನ್ನು ಮೇಲ್ಪಂಕ್ತಿಯಾಗಿ ಇಟ್ಟುಕೊಳ್ಳಬೇಕು? ಈ ಪ್ರಶ್ನೆಗೆ ಉತ್ತರವಾಗಿ ವಿಶ್ವ ಆರೋಗ್ಯ ಸಂಸ್ಥೆಯು 1997ರಿಂದ 2003ರವರೆಗೆ ಬ್ರೆಜಿಲ್, ಘಾನಾ, ಭಾರತ, ನಾರ್ವೆ, ಓಮಾನ್ ಮತ್ತು ಅಮೆರಿಕಗಳಲ್ಲಿ ಸುಮಾರು 8,500 ಮಕ್ಕಳನ್ನು ಅಳೆಯಿಸಿ, 2006ರಲ್ಲಿ ಬೆಳವಣಿಗೆಯ ಮಾನಗಳನ್ನು ಪ್ರಕಟಿಸಿತು. ಭಾರತದ ಮಕ್ಕಳು ದಿಲ್ಲಿಯವರು. ತಾಯಿಹಾಲು ಕುಡಿದ, ಒಳ್ಳೆಯ ಪರಿಸರದಲ್ಲಿ ಬೆಳೆದ ಮಕ್ಕಳು, ದೇಶ ಯಾವುದಾದರೂ, ಮೊದಲ ಐದು ವರುಷಗಳಲ್ಲಿ ಬಹುಮಟ್ಟಿಗೆ ಒಂದೇ ರೀತಿ ಬೆಳೆಯುತ್ತಾರೆಂಬುದು ಇದರಿಂದ ಕಂಡುಬಂದಿತು. ಈ ಮಾನದ ಪ್ರಕಾರ ಹೆಣ್ಣುಕೂಸಿನ ನಡುತೂಕ ಹುಟ್ಟುವಾಗ 3.2, ಮೂರು ತಿಂಗಳಿಗೆ 5.8, ಆರು ತಿಂಗಳಿಗೆ 7.3, ವರುಷಕ್ಕೆ 8.9 ಕಿಲೋಗ್ರಾಂ, ಗಂಡುಕೂಸಿನದು ಅನುಕ್ರಮವಾಗಿ 3.3, 6.4, 7.9, 9.6 ಕಿಲೋಗ್ರಾಂ.

ಇಲ್ಲಿ ಒಂದು ಮಾತನ್ನು ಗಮನಿಸತಕ್ಕದ್ದು. ನಡುತೂಕವೆಂದರೆ ತೇರ್ಗಡೆಯ ಅಂಕವಲ್ಲ. ಆರೋಗ್ಯವಂತ ಕೂಸುಗಳಲ್ಲಿ ಅರ್ಧದಷ್ಟು ಈ ಸಂಖ್ಯೆಗಿಂತ ಕೆಳಗೇ ಇರುತ್ತವೆ. ತಂದೆತಾಯಿಗಳು ಸಣ್ಣ ಮೈಯವರಾದರೆ ಕೂಸೂ ಸಣ್ಣದಾಗಿದ್ದು, ತನ್ನದೇ ಗೆರೆಯ ಮೇಲೆ ನಿಯಮಿತವಾಗಿ ಏರುತ್ತ ಹೋಗಬಹುದು. ಅದಕ್ಕೆ ಯಾವ ಚಿಕಿತ್ಸೆಯೂ ಬೇಡ. ಗೆರೆಯನ್ನು ಬಿಟ್ಟು ಕೆಳಕ್ಕೆ ಬಾಗುವ ಕೂಸೇ ನಮ್ಮ ವಿಚಾರಣೆಯ ವಿಷಯ. ಒಂದು ಸಲದ ತೂಕ ಒಂದು ಚುಕ್ಕೆ ಮಾತ್ರ. ಚುಕ್ಕೆಗೆ ದಿಕ್ಕಿಲ್ಲ, ಗೆರೆಗೆ ದಿಕ್ಕುಂಟು.

ಹುಟ್ಟಿದ ಕೆಲವು ದಿನಗಳಲ್ಲಿ ತೂಕ ಕಡಮೆಯಾಗುವುದು ಸಹಜವೆಂಬುದನ್ನೂ ತಿಳಿದಿರಬೇಕು. ಮೈಯಲ್ಲಿದ್ದ ಹೆಚ್ಚಿನ ನೀರು ಹೊರಹೋಗುವುದರಿಂದ ಹುಟ್ಟುತೂಕದ ನೂರಕ್ಕೆ ಐದರಿಂದ ಹತ್ತರಷ್ಟು ಇಳಿಯುವುದುಂಟು. ಎರಡು ವಾರಗಳೊಳಗೆ ಅದು ಮರಳಿ ಬರಬೇಕು. ಅನಂತರ ಮೊದಲ ಮೂರು ತಿಂಗಳು ದಿನಕ್ಕೆ 20ರಿಂದ 30 ಗ್ರಾಂ ಏರುವುದು ಸಾಮಾನ್ಯ.

ಕೂಸಿನ ಆಯವ್ಯಯ

ಈಗ ನಾಲ್ಕು ಕಿಲೋಗ್ರಾಂ ತೂಕದ, ಒಂದು ತಿಂಗಳ ಕೂಸೊಂದನ್ನು ಕಲ್ಪಿಸಿಕೊಂಡು ಅದರ ಶಕ್ತಿಯ ಆಯವ್ಯಯವನ್ನು ಬರೆಯೋಣ. ಈ ವಯಸ್ಸಿನಲ್ಲಿ ಕಿಲೋಗ್ರಾಮಿಗೆ ದಿನವೊಂದಕ್ಕೆ ಸುಮಾರು 110 ಕಿಲೋಕ್ಯಾಲೊರಿ ಬೇಕು. ಎಂದರೆ ನಮ್ಮ ಕೂಸಿಗೆ 440. ನೂರು ಮಿಲಿಲೀಟರ್ ತಾಯಿಹಾಲಿನಿಂದ ಸುಮಾರು 67 ಕಿಲೋಕ್ಯಾಲೊರಿ ದೊರೆಯುತ್ತದೆಯಾದುದರಿಂದ, ದಿನಕ್ಕೆ 650 ಮಿಲಿಲೀಟರಿನಷ್ಟು ಹಾಲು ಬೇಕಾಗುತ್ತದೆ.

ಇನ್ನು ಖರ್ಚಿನ ಕಡೆ ನೋಡೋಣ. ಹೃದಯ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು. ಎಲ್ಲಕ್ಕಿಂತ ದೊಡ್ಡ ಖರ್ಚು ಮಿದುಳಿನದು; ಕೂಸು ವಿಶ್ರಮಿಸುತ್ತಿರುವಾಗ ಖರ್ಚಾಗುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಮಿದುಳೇ ಬಳಸುತ್ತದೆ. ಇವೆಲ್ಲ ಸೇರಿ 260 ಕಿಲೋಕ್ಯಾಲೊರಿ ಎನ್ನೋಣ. ಉಳಿದ 180 ಬೆಳವಣಿಗೆಗೆ ಸಲ್ಲುತ್ತದೆ. ಈ ವಯಸ್ಸಿನಲ್ಲಿ ಒಂದು ಗ್ರಾಂ ಹೊಸ ಮೈ ಕಟ್ಟಲು ಸುಮಾರು 6 ಕಿಲೋಕ್ಯಾಲೊರಿ ಬೇಕು. 180ನ್ನು 6ರಿಂದ ಭಾಗಿಸಿದರೆ 30. ಕೂಸು ದಿನಕ್ಕೆ 30 ಗ್ರಾಂ ಏರುತ್ತದೆ. ಲೆಕ್ಕ ಸರಿಹೋಯಿತು.

ಈಗ ಯಾವುದೋ ಕಾರಣದಿಂದ ಕೂಸು ದಿನಕ್ಕೆ 100 ಮಿಲಿಲೀಟರ್ ಕಡಮೆ ಕುಡಿಯಿತೆಂದು ಭಾವಿಸೋಣ. ಎಂಟು ಹತ್ತು ಸಲದ ಊಡಿಕೆಯಲ್ಲಿ ಹಂಚಿಹೋಗುವ ಈ ಕೊರತೆ ತಾಯಿಯ ಕಣ್ಣಿಗೂ ಬೀಳದಷ್ಟು ಸಣ್ಣದು. ಆದರೆ 67 ಕಿಲೋಕ್ಯಾಲೊರಿ ಕಡಮೆಯಾಯಿತು. ಹೃದಯವಾಗಲಿ ಮಿದುಳಾಗಲಿ ತನ್ನ ಪಾಲನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೊಡೆತವೆಲ್ಲ ಬೆಳವಣಿಗೆಯ ಮೇಲೆಯೇ ಬೀಳುತ್ತದೆ. 180ರಲ್ಲಿ 67 ಹೋದರೆ 113. ಅದರಿಂದ ಆಗುವುದು 19 ಗ್ರಾಂ ಮಾತ್ರ. ಹಾಲು ನೂರಕ್ಕೆ ಹದಿನೈದರಷ್ಟು ಕಡಮೆಯಾದರೆ ಬೆಳವಣಿಗೆ ಮೂರನೆಯ ಒಂದಂಶಕ್ಕಿಂತ ಹೆಚ್ಚು ಕುಗ್ಗಿತು! ಮನೆಯ ಖರ್ಚೆಲ್ಲ ಕಳೆದು ಉಳಿದ ಹಣವನ್ನಷ್ಟೆ ಪೆಟ್ಟಿಗೆಗೆ ಹಾಕುವ ಸಂಸಾರದಲ್ಲಿ ಸಂಬಳ ಸ್ವಲ್ಪ ಕಡಮೆಯಾದರೂ ಉಳಿತಾಯ ಬಹಳ ಕಡಮೆಯಾಗುವಂತೆ ಇದು. ತೂಕವು ಅಷ್ಟು ಸೂಕ್ಷ್ಮವಾದ ಸೂಚಕವಾಗಿರುವುದು ಈ ಕಾರಣದಿಂದಲೇ. ಕೊರತೆ ಮುಂದುವರಿದರೆ ಮೊದಲು ತೂಕ, ಆಮೇಲೆ ಉದ್ದ, ಎಲ್ಲಕ್ಕೂ ಕೊನೆಗೆ ತಲೆಯ ಸುತ್ತಳತೆ ಹಿಂದೆ ಬೀಳುತ್ತದೆ. ಹುಟ್ಟುವಾಗ 350ರಿಂದ 400 ಗ್ರಾಂ ಇರುವ ಮಿದುಳು ಒಂದು ವರುಷದಲ್ಲಿ ಇಮ್ಮಡಿಗೂ ಮೀರಿ ಬೆಳೆಯಬೇಕಾಗಿದೆ. ಆ ಬೆಳವಣಿಗೆಗೆ ಧಕ್ಕೆ ತಗಲುವ ಮೊದಲೇ ತಕ್ಕಡಿ ನಮ್ಮನ್ನು ಎಚ್ಚರಿಸುತ್ತದೆ.

ಮೇಲಿನ ಲೆಕ್ಕದಿಂದ ಇನ್ನೊಂದು ವಿಷಯವೂ ಹೊರಡುತ್ತದೆ. ತೂಕ ಏರದಿರಲು ಮೂರೇ ದಾರಿಗಳುಂಟು: ವರಮಾನ ಸಾಲದಿರಬಹುದು, ಬಂದ ವರಮಾನ ಸೋರಿಹೋಗಬಹುದು, ಅಥವಾ ಖರ್ಚು ಮಿತಿಮೀರಬಹುದು. ವೈದ್ಯನು ಕೇಳುವ ಪ್ರಶ್ನೆಗಳೆಲ್ಲ ಈ ಮೂರರಲ್ಲಿ ಯಾವುದೆಂಬುದನ್ನು ಕಂಡುಹಿಡಿಯುವುದಕ್ಕಾಗಿಯೇ ಇವೆ.

ಚೀಪುವುದು, ನುಂಗುವುದು, ಉಸಿರಾಡುವುದು

ಹಾಲು ಕುಡಿಯುವುದು ಸುಲಭದ ಕೆಲಸವೆಂದು ನಾವು ತಿಳಿದಿದ್ದೇವೆ. ಕೂಸಿನ ಮಟ್ಟಿಗೆ ಅದು ಗರಡಿಮನೆಯ ಸಾಧನೆಗೆ ಸಮಾನ. ಕೆನ್ನೆಗೆ ಮೊಲೆ ತಾಗಿದೊಡನೆ ಅತ್ತ ಮುಖ ತಿರುಗಿಸಿ ಬಾಯಿ ತೆರೆಯುವುದು ಹುಟ್ಟಿನಿಂದಲೇ ಬಂದ ಪ್ರತಿಕ್ರಿಯೆ. ಅನಂತರ ತುಟಿಗಳನ್ನು ಬಿಗಿಯಾಗಿ ಮುಚ್ಚಿ, ನಾಲಗೆಯನ್ನು ಕೆಳಕ್ಕೆ ಸರಿಸಿ ಬಾಯೊಳಗೆ ಒತ್ತಡವನ್ನು ಕಡಮೆ ಮಾಡಿ ಹಾಲನ್ನು ಸೆಳೆಯಬೇಕು. ಅದನ್ನು ಹಿಂದಕ್ಕೆ ತಳ್ಳಿ ನುಂಗಬೇಕು. ನುಂಗುವ ಕ್ಷಣದಲ್ಲಿ ಉಸಿರನ್ನು ತಡೆದು, ಮರುಕ್ಷಣವೇ ಮೂಗಿನಿಂದ ಉಸಿರಾಡಬೇಕು. ಸುಮಾರು ಸೆಕೆಂಡಿಗೊಂದರಂತೆ ಈ ಚಕ್ರ ನಡೆಯುತ್ತದೆ. ಈ ಮೂರರ ಹೊಂದಾಣಿಕೆ ಗರ್ಭದ 34ನೆಯ ವಾರದ ಸುಮಾರಿಗೆ ಮಾತ್ರ ಕೈಗೂಡುತ್ತದೆ. ಅದಕ್ಕಿಂತ ಮೊದಲೇ ಹುಟ್ಟಿದ ಕೂಸಿಗೆ ಹಸಿವಿದ್ದರೂ ಕುಡಿಯುವ ವಿದ್ಯೆ ಬಂದಿರುವುದಿಲ್ಲ. ಅಂತಹ ಕೂಸುಗಳಿಗೆ ತಾಯಿಯ ಹಾಲನ್ನು ಹಿಂಡಿ ತೆಗೆದು ಮೂಗಿನ ಮೂಲಕ ಹೊಟ್ಟೆಗೆ ಹೋಗುವ ಸಣ್ಣ ಕೊಳವೆಯಿಂದಲೋ, ಸ್ವಲ್ಪ ಬಲಿತ ಮೇಲೆ ಒಳಲೆಯಿಂದಲೋ ಕೊಡುತ್ತಾರೆ. ನಮ್ಮ ಅಜ್ಜಿಯರು ಬಳಸುತ್ತಿದ್ದ ಮೂತಿಯುಳ್ಳ ಆ ಪುಟ್ಟ ಪಾತ್ರೆ ಇಂದು ಆಸ್ಪತ್ರೆಗಳಲ್ಲಿಯೂ ಸ್ಥಾನ ಪಡೆದಿದೆ.

ಬಾಯಿಯ ರಚನೆಯಲ್ಲಿ ಲೋಪವಿದ್ದರೂ ಕಷ್ಟವೇ. ಅಂಗುಳು ಸೀಳಿದ್ದರೆ ಬಾಯಿಗೂ ಮೂಗಿಗೂ ನಡುವೆ ಗೋಡೆಯಿಲ್ಲದುದರಿಂದ ಒತ್ತಡ ಕಡಮೆಯಾಗುವುದೇ ಇಲ್ಲ. ತೂತುಬಿದ್ದ ಕೊಳವೆಯಿಂದ ಎಳನೀರನ್ನು ಹೀರಲು ಪ್ರಯತ್ನಿಸಿದವರಿಗೆ ಈ ಕಷ್ಟ ಅರ್ಥವಾದೀತು. ಶಸ್ತ್ರಚಿಕಿತ್ಸೆಯಿಂದ ಸೀಳನ್ನು ಮುಚ್ಚುವವರೆಗೆ ಕೂಸನ್ನು ನೆಟ್ಟಗೆ ಹಿಡಿದು ವಿಶೇಷ ರೀತಿಯಲ್ಲಿ ಹಾಲೂಡಿಸಬೇಕಾಗುತ್ತದೆ. ನೆಗಡಿಯಿಂದ ಮೂಗು ಕಟ್ಟಿದಾಗ ಕೂಸು ಮೊಲೆಯನ್ನು ಬಿಟ್ಟು ಬಿಟ್ಟು ಅಳುವುದೂ ಉಸಿರಿಗಾಗಿಯೇ.

ಹಾಲು ಹುಟ್ಟುವ ಬಗೆ

ರಚನೆಯ ಲೋಪ ಅಪರೂಪ. ಬಹುಪಾಲು ಕೂಸುಗಳಲ್ಲಿ ತೊಂದರೆಯ ಮೂಲ ಮೊಲೆಯೂಡಿಸುವ ಕ್ರಮದಲ್ಲಿಯೇ ಇರುತ್ತದೆ. ಕೂಸು ಚೀಪಿದಾಗ ಆ ಸಂಜ್ಞೆ ನರಗಳ ಮೂಲಕ ತಾಯಿಯ ಮಿದುಳಿಗೆ ಹೋಗಿ ಪಿಟ್ಯುಟರಿ ಗ್ರಂಥಿಯಿಂದ ಎರಡು ಹಾರ್ಮೋನುಗಳು ಹೊರಡುತ್ತವೆ. ಪ್ರೊಲ್ಯಾಕ್ಟಿನ್ ಹಾಲನ್ನು ತಯಾರಿಸುತ್ತದೆ. ಆಕ್ಸಿಟೋಸಿನ್ ತಯಾರಾದ ಹಾಲನ್ನು ಮುಂದಕ್ಕೆ ನೂಕುತ್ತದೆ. ಮೊಲೆ ಬರಿದಾದಷ್ಟೂ ಹೊಸ ಹಾಲು ಬೇಗ ಹುಟ್ಟುತ್ತದೆ. ತುಂಬಿಯೇ ಉಳಿದರೆ ಉತ್ಪತ್ತಿ ಕುಂದುತ್ತದೆ. ಸೇದದ ಬಾವಿಯ ಒರತೆ ಕಟ್ಟಿಕೊಳ್ಳುವಂತೆ ಎನ್ನಬಹುದು.

ಇದನ್ನರಿಯದಿದ್ದರೆ ಒಂದು ವಿಷವರ್ತುಲ ಹುಟ್ಟುತ್ತದೆ. ಕೂಸು ತೊಟ್ಟನ್ನು ಮಾತ್ರ ಕಚ್ಚಿಕೊಂಡು ಚೀಪಿದರೆ ತಾಯಿಗೆ ನೋವು, ಕೂಸಿಗೆ ಹಾಲು ಕಡಮೆ. ತೂಕ ಏರಲಿಲ್ಲವೆಂದು ಮನೆಯವರು ಸೀಸೆಯ ಹಾಲನ್ನು ಹಿಡಿಸುತ್ತಾರೆ. ಹೊಟ್ಟೆ ತುಂಬಿದ ಕೂಸು ಮೊಲೆಯನ್ನು ಚೀಪುವುದು ಇನ್ನೂ ಕಡಮೆಯಾಗುತ್ತದೆ. ಚೀಪದಿದ್ದುದರಿಂದ ಹಾಲು ನಿಜವಾಗಿಯೂ ಬತ್ತುತ್ತದೆ. ಆಗ ‘ನಾವು ಹೇಳಲಿಲ್ಲವೆ, ಹಾಲು ಸಾಲದೆಂದು?’ ಎಂಬ ಮಾತು ಬರುತ್ತದೆ. ಊಹೆಯೇ ತನ್ನ ಫಲವನ್ನು ತಂದುಕೊಂಡಿತು! ಚಿಂತೆ, ನೋವು, ಚುಚ್ಚುಮಾತುಗಳು ಆಕ್ಸಿಟೋಸಿನ್ನಿನ ಕೆಲಸವನ್ನು ತಡೆಯುತ್ತವೆಯಾದುದರಿಂದ, ತಾಯಿಯನ್ನು ನಿಂದಿಸುವವರು ತಮಗರಿವಿಲ್ಲದೆಯೇ ಕೂಸಿನ ಗುಟುಕನ್ನು ಕಸಿದುಕೊಳ್ಳುತ್ತಾರೆ.

ಈ ವರ್ತುಲವನ್ನು ಮುರಿಯುವ ಉಪಾಯ ಸರಳವಾಗಿದೆ. ತೊಟ್ಟಿನ ಸುತ್ತಲಿನ ಕಪ್ಪುಭಾಗವೂ ಬಹುಮಟ್ಟಿಗೆ ಬಾಯೊಳಗೆ ಹೋಗುವಂತೆ ಕೂಸನ್ನು ಮೈಗೆ ಒತ್ತಿ ಹಿಡಿಯಬೇಕು. ಹಗಲಿರುಳು ಸೇರಿ ಎಂಟರಿಂದ ಹನ್ನೆರಡು ಸಲ ಊಡಿಸಬೇಕು. ಮೊದಲ ಹಾಲು ತೆಳು, ಕೊನೆಯ ಹಾಲಿನಲ್ಲಿ ಕೊಬ್ಬು ಹೆಚ್ಚು. ಆದಕಾರಣ ಒಂದು ಮೊಲೆಯನ್ನು ಪೂರ್ತಿ ಕುಡಿದ ಮೇಲೆಯೇ ಇನ್ನೊಂದಕ್ಕೆ ಹಚ್ಚಬೇಕು. ಬಾಣಂತಿಗೆ ದಿನಕ್ಕೆ 500ರಿಂದ 600 ಕಿಲೋಕ್ಯಾಲೊರಿಯಷ್ಟು ಹೆಚ್ಚಿನ ಆಹಾರ ಬೇಕು. ಬಾಯಾರಿದಾಗ ನೀರು ಕೊಡದ, ಸೊಪ್ಪು ತರಕಾರಿಗಳನ್ನು ದೂರವಿಡುವ ಪಥ್ಯಕ್ಕೆ ಶಾಸ್ತ್ರದ ಆಧಾರವಿಲ್ಲ.

ಅಳದ ಕೂಸಿನ ವಿಷಯದಲ್ಲಿ ವಿಶೇಷ ಎಚ್ಚರಿಕೆ ಬೇಕು. ಶಕ್ತಿ ಸಾಲದ ಕೂಸು ಖರ್ಚನ್ನು ಕಡಮೆ ಮಾಡಿಕೊಳ್ಳಲು ಹೆಚ್ಚು ನಿದ್ರಿಸುತ್ತದೆ. ‘ಬಹಳ ಸಾಧು ಕೂಸು, ಹಸಿವೆಂದು ಅಳುವುದೇ ಇಲ್ಲ’ ಎಂದು ಮನೆಯವರು ಸಂತೋಷಪಡುತ್ತಿರುವಾಗಲೇ ಅದರ ಗೆರೆ ಕೆಳಗಿಳಿಯುತ್ತಿರಬಹುದು. ಐದು ದಿನ ಕಳೆದ ಕೂಸು ದಿನಕ್ಕೆ ಆರು ಬಟ್ಟೆಗಳನ್ನಾದರೂ ಒದ್ದೆ ಮಾಡುತ್ತಿದ್ದರೆ ಹಾಲು ಸೇರುತ್ತಿದೆಯೆಂದು ತಿಳಿಯಬಹುದು. ಇಲ್ಲವಾದರೆ ಎಬ್ಬಿಸಿ ಕುಡಿಸಬೇಕು, ವೈದ್ಯರಿಗೆ ತೋರಿಸಬೇಕು.

ಸೋರಿಕೆ ಮತ್ತು ಹೆಚ್ಚಿನ ಖರ್ಚು

ಕುಡಿದ ಮೇಲೆ ಸ್ವಲ್ಪ ಹಾಲು ಕಟವಾಯಿಯಲ್ಲಿ ಬರುವುದು ರೋಗವಲ್ಲ. ತೂಕ ಏರುತ್ತಿದ್ದರೆ ಚಿಂತೆಯಿಲ್ಲ. ಆದರೆ ಮೂರರಿಂದ ಆರು ವಾರಗಳ ಸುಮಾರಿನಲ್ಲಿ ಕೂಸು ಪ್ರತಿಸಲವೂ ದೂರಕ್ಕೆ ಚಿಮ್ಮುವಂತೆ ವಾಂತಿಮಾಡಿ, ಮರುಕ್ಷಣವೇ ಹಸಿವಿನಿಂದ ಚಡಪಡಿಸುತ್ತಿದ್ದರೆ, ಜಠರದ ಕೆಳಬಾಗಿಲಿನ ಸ್ನಾಯು ದಪ್ಪವಾಗಿ ದಾರಿ ಮುಚ್ಚಿರಬಹುದು. ಹಿಂದೆ ಎಷ್ಟೋ ಕೂಸುಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ಈ ರೋಗಕ್ಕೆ 1912ರಲ್ಲಿ ಜರ್ಮನಿಯ ಕಾನ್ರಾಡ್ ರಾಮ್‌ಸ್ಟೆಡ್ಟ್ ಪ್ರಕಟಿಸಿದ ಸಣ್ಣ ಶಸ್ತ್ರಚಿಕಿತ್ಸೆಯ ಮಾದರಿಯೇ ಇಂದಿಗೂ ಪರಿಹಾರ. ಪದೇ ಪದೇ ಆಗುವ ಭೇದಿಯೂ ಸೋರಿಕೆಯೇ.

ಹೃದಯದ ಗೋಡೆಯಲ್ಲಿ ರಂಧ್ರವಿರುವ ಕೂಸಿನಲ್ಲಿ ಖರ್ಚು ಹೆಚ್ಚು. ಒಂದೆರಡು ತಿಂಗಳಾಗುವಾಗ ಹಾಲು ಕುಡಿಯುತ್ತಲೇ ಹಣೆಯಲ್ಲಿ ಬೆವರು ಒಡೆಯುತ್ತದೆ, ಉಸಿರು ಬಿರುಸಾಗುತ್ತದೆ, ಅರ್ಧಕ್ಕೇ ದಣಿದು ಬಿಟ್ಟುಬಿಡುತ್ತದೆ. ಕುಡಿಯುವ ಶ್ರಮವೇ ಕುಡಿದುದನ್ನು ತಿಂದುಹಾಕುತ್ತದೆ. ತುಟಿ ನೀಲಿಗಟ್ಟುವುದು ಇನ್ನೂ ಗಂಭೀರ. ಮೂತ್ರನಾಳದ ಸೋಂಕು, ಥೈರಾಯ್ಡ್ ಗ್ರಂಥಿಯ ಕೊರತೆ ಮೊದಲಾದವೂ ತೂಕದ ಕೊರತೆಯ ಮರೆಯಲ್ಲಿ ಅಡಗಿರಬಹುದು. ಇವು ಮನೆಮದ್ದಿಗೆ ಬಗ್ಗುವುವಲ್ಲ.

ಮೈ ಬೆಚ್ಚಗಿಡುವುದೂ ಖರ್ಚಿನ ಬಾಬೇ. ಸಣ್ಣ ಮೈಗೆ, ತೂಕಕ್ಕೆ ಹೋಲಿಸಿದರೆ, ಚರ್ಮದ ವಿಸ್ತಾರ ಹೆಚ್ಚಾದುದರಿಂದ ಶಾಖ ಬೇಗ ನಷ್ಟವಾಗುತ್ತದೆ. 1978ರಲ್ಲಿ ಕೊಲಂಬಿಯದ ಬೊಗೋಟ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯನು, ತೂಕ ಕಡಮೆಯಿರುವ ಕೂಸನ್ನು ತಾಯಿಯ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಕಟ್ಟಿಡುವ ಕ್ರಮವನ್ನು ಆರಂಭಿಸಿದನು. ಕಾಂಗರೂ ಆರೈಕೆಯೆಂದು ಹೆಸರಾದ ಇದರಲ್ಲಿ ತಾಯಿಯ ಮೈಶಾಖವೇ ಕೂಸಿಗೆ ಒದಗಿ, ಉಳಿದ ಶಕ್ತಿ ಬೆಳವಣಿಗೆಗೆ ಸಲ್ಲುತ್ತದೆ. ಹಾಲೂ ಚೆನ್ನಾಗಿ ಇಳಿಯುತ್ತದೆ.

ಆರು ತಿಂಗಳಾದ ಮೇಲೆ

ಆರು ತಿಂಗಳವರೆಗೆ ತಾಯಿಹಾಲೊಂದೇ ಸಾಕು. ನೀರೂ ಬೇಡ, ಜೇನೂ ಬೇಡ. ಆಮೇಲೆ ಇತರ ಆಹಾರವೂ ಬೇಕು. ಇಲ್ಲಿಯೂ ನಮ್ಮ ಲೆಕ್ಕವನ್ನು ಮರೆಯಬಾರದು. ಕೂಸಿನ ಹೊಟ್ಟೆ ಚಿಕ್ಕದು. ತೆಳ್ಳಗಿನ ಗಂಜಿನೀರಿನಿಂದ ಹೊಟ್ಟೆ ತುಂಬುತ್ತದೆ, ಶಕ್ತಿ ತುಂಬುವುದಿಲ್ಲ. ಹಸುವಿನ ಹಾಲಿಗೆ ಅಷ್ಟೇ ನೀರು ಬೆರೆಸಿದರೆ ಶಕ್ತಿಯೂ ಅರ್ಧವಾಗುತ್ತದೆ. ರಾಗಿಯ ಸರಿಯನ್ನು ಗಟ್ಟಿಯಾಗಿ ಮಾಡಿದರೆ ಪಿಷ್ಟ ನೀರು ಹೀರಿ ಉಬ್ಬಿ ನುಂಗಲು ಕಷ್ಟ. ತೆಳ್ಳಗೆ ಮಾಡಿದರೆ ಹಿಟ್ಟೇ ಕಡಮೆ. ಈ ತೊಡಕನ್ನು ನಮ್ಮ ಹೆಂಗಸರು ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವುದರಿಂದ ಬಿಡಿಸಿದ್ದರು. ಮೊಳೆಯುವಾಗ ಹುಟ್ಟುವ ಅಮೈಲೇಸ್ ಎಂಬ ಕಿಣ್ವವು ಪಿಷ್ಟವನ್ನು ತುಂಡರಿಸುತ್ತದೆ. ಆದುದರಿಂದ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳುವಾಗಿಯೇ ಇರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಈ ಗುಣವನ್ನು ಶಾಸ್ತ್ರೀಯವಾಗಿ ಪರೀಕ್ಷಿಸಿ, ಮೊಳಕೆ ರಾಗಿ ಮತ್ತು ಹೆಸರುಕಾಳಿನ ಶಿಶು ಆಹಾರವನ್ನು ರೂಪಿಸಿದರು. ಸರಿಗೆ ಒಂದು ಚಿಕ್ಕ ಚಮಚ ತುಪ್ಪ ಬೆರೆಸಿದರೆ ಸುಮಾರು 45 ಕಿಲೋಕ್ಯಾಲೊರಿ ಹೆಚ್ಚು ದೊರೆಯುತ್ತದೆ.

ತೂಕ ಏರಲೇಬೇಕೆಂಬ ಹಟದಿಂದ ಕೂಸನ್ನು ಕಾಲಮೇಲೆ ಅಂಗಾತ ಮಲಗಿಸಿ, ಕೈಹಿಡಿದು, ಮೂಗು ಮುಚ್ಚಿ ಬಾಯಿಗೆ ಹೊಯ್ಯುವ ಪದ್ಧತಿಯನ್ನು ಮಾತ್ರ ಪೂರ್ತಿಯಾಗಿ ಬಿಡಬೇಕು. ಅಳುವ ಕೂಸಿನ ಶ್ವಾಸನಾಳ ತೆರೆದಿರುತ್ತದೆ. ಆಹಾರ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಅಲ್ಲದೆ ಚಮಚವನ್ನು ಕಂಡರೆ ಹೆದರುವ ಮಗು ಮುಂದೆ ಉಣ್ಣಲೊಲ್ಲದು. ಕೂಸು ಮುಖ ತಿರುಗಿಸಿದರೆ ನಿಲ್ಲಿಸಿ, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೀಡುವುದೇ ಸರಿಯಾದ ಕ್ರಮ.

ನಾವು ಮಾಡಬಹುದಾದುದು

ತೂಗುವುದರಲ್ಲಿಯೂ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಪಾಠವುಂಟು. ಹಾಲು ಕುಡಿದ ಮೇಲೆ ಮತ್ತು ಮೂತ್ರ ಮಾಡಿದ ಮೇಲೆ ಕೂಸಿನ ತೂಕ ಐವತ್ತರಿಂದ ನೂರು ಗ್ರಾಂ ಹೆಚ್ಚುಕಡಮೆಯಾಗಬಹುದು. ದಿನದ ನಿಜವಾದ ಏರಿಕೆ 30 ಗ್ರಾಂ ಮಾತ್ರ. ಆದುದರಿಂದ ದಿನದಿನವೂ ತೂಗಿದರೆ ಏರಿಳಿತದಲ್ಲಿ ಸತ್ಯ ಮುಳುಗಿಹೋಗಿ ಮನೆಯವರಿಗೆ ಚಿಂತೆಯೊಂದೇ ಉಳಿಯುತ್ತದೆ. ವಾರಕ್ಕೊಮ್ಮೆ, ಅದೇ ತಕ್ಕಡಿಯಲ್ಲಿ, ಅದೇ ಹೊತ್ತಿನಲ್ಲಿ, ಬಟ್ಟೆಯಿಲ್ಲದೆ ತೂಗಿದರೆ 200 ಗ್ರಾಮಿನ ಏರಿಕೆ ಸ್ಪಷ್ಟವಾಗಿ ಕಾಣುತ್ತದೆ.

ಎರಡು ವಾರಗಳಾದರೂ ಹುಟ್ಟುತೂಕ ಮರಳದಿದ್ದರೆ, ಮೊದಲ ಮೂರು ತಿಂಗಳಲ್ಲಿ ದಿನದ ಸರಾಸರಿ ಏರಿಕೆ 20 ಗ್ರಾಮಿಗಿಂತ ಕಡಮೆಯಾದರೆ, ಗೆರೆ ಕೆಳಕ್ಕೆ ಬಾಗಿದರೆ, ಕುಡಿಯುವಾಗ ಬೆವರು, ಏದುಸಿರು, ನೀಲಿಬಣ್ಣ ಅಥವಾ ಚಿಮ್ಮುವ ವಾಂತಿ ಕಂಡರೆ ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ತೂಗಿಸಲು ದೂರ ಹೋಗಬೇಕಾಗಿಲ್ಲ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಕರ್ನಾಟಕದಲ್ಲಿ ಮೊದಲು ಕಾಲಿಟ್ಟುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಇಂದು ಹಳ್ಳಿಹಳ್ಳಿಯ ಅಂಗನವಾಡಿಯಲ್ಲಿಯೂ ತಕ್ಕಡಿಯುಂಟು.

ವಾಚಕರಲ್ಲಿ ಅನೇಕರ ಮನೆಯಲ್ಲಿಯೋ ನೆರೆಯಲ್ಲಿಯೋ ಎಳೆಗೂಸೊಂದು ಇದ್ದೇ ಇರುತ್ತದೆ. ನಕ್ಷೆ ಬರೆಯುವುದನ್ನು ನಾವು ಶಾಲೆಯಲ್ಲಿ ಕಲಿತಿದ್ದೇವೆ. ಅಡ್ಡಗೆರೆಯಲ್ಲಿ ವಯಸ್ಸು, ಉದ್ದಗೆರೆಯಲ್ಲಿ ತೂಕ, ಅಷ್ಟೆ. ಆ ಮನೆಯ ತಾಯಿ ಕಾರ್ಡನ್ನು ಕೇಳಿ ಪಡೆದು, ಚುಕ್ಕೆಗಳಿಟ್ಟು ಗೆರೆಯೆಳೆದು ಅಕ್ಕನಿಗೋ ಅತ್ತಿಗೆಗೋ ತೋರಿಸೋಣ. ಗೆರೆ ಏರುತ್ತಿದ್ದರೆ ಸುತ್ತಲಿನ ಮಾತುಗಳಿಗೆ ಅದೇ ಉತ್ತರವಾಗುತ್ತದೆ; ಬಾಗುತ್ತಿದ್ದರೆ, ಯಾರ ತಪ್ಪೆಂದು ಕೇಳುವುದನ್ನು ಬಿಟ್ಟು, ವರಮಾನವೋ ಸೋರಿಕೆಯೋ ಖರ್ಚೋ ಎಂದು ಕೇಳಲು ಕಾಲ ಬಂದಿತೆಂದು ತಿಳಿಯೋಣ.